ಮೋಟಾರು ಕಾರಿನ ಮುಂದೀಪ: ದೋಷ ಮತ್ತು ದುರಸ್ತಿಯ ಚರಿತ್ರೆ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಅವುಗಳ ಹುಟ್ಟನ್ನು ಕುರಿತೇ ಬರೆಯುತ್ತಾರೆ. ಯಾವ ಯಂತ್ರವನ್ನು ಯಾರು, ಯಾವ ವರ್ಷದಲ್ಲಿ, ಯಾವ ಊರಿನಲ್ಲಿ ಮೊದಲು ನಿರ್ಮಿಸಿದರೆಂಬುದು ಅವರ ಮುಖ್ಯ ಪ್ರಶ್ನೆ. ಆ ಯಂತ್ರ ಕೆಟ್ಟು ನಿಂತಾಗ ಅದನ್ನು ಬಿಚ್ಚಿದವರಾರು, ಏನನ್ನು ಕಂಡು ದೋಷವನ್ನು ಗುರುತಿಸಿದರು, ಯಾವ ಸಾಮಗ್ರಿಯಿಂದ ಅದನ್ನು ಸರಿಪಡಿಸಿದರು ಎಂಬ ಪ್ರಶ್ನೆ ಏಳುವುದೇ ಅಪರೂಪ. ಎದ್ದರೂ ಅಡಿಟಿಪ್ಪಣಿಯಲ್ಲಿ ಮುಗಿದುಹೋಗುತ್ತದೆ. ಆದರೆ ಯಂತ್ರವೊಂದು ಜನಜೀವನದ ನಡುವೆ ಕಳೆಯುವ ಕಾಲದಲ್ಲಿ ಹುಟ್ಟಿನ ಗಳಿಗೆ ಅತ್ಯಲ್ಪವಾದುದು. ಕೆಡುವುದು, ದುರಸ್ತಿಯಾಗುವುದು, ಮತ್ತೆ ಕೆಡುವುದು ಇವೇ ಅದರ ಆಯುಷ್ಯದ ಬಹುಭಾಗ. ಪ್ರಕೃತ ಲೇಖನದಲ್ಲಿ ಮೋಟಾರು ಕಾರಿನ ಮುಂದೀಪವನ್ನು, ಎಂದರೆ ಬಳಕೆಯ ಮಾತಿನ ಹೆಡ್‌ಲೈಟನ್ನು, ಈ ದೃಷ್ಟಿಯಿಂದ ಪರಿಶೀಲಿಸಲು ಯತ್ನಿಸಲಾಗಿದೆ.

ಇಷ್ಟು ಚಿಕ್ಕ ವಸ್ತುವನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಕಾರಿನ ಇತರ ಭಾಗಗಳಲ್ಲಿ ಹಲವು ಕೆಟ್ಟರೆ ಗಾಡಿ ನಿಲ್ಲುತ್ತದೆ, ಅಷ್ಟೆ. ಮುಂದೀಪ ಆರಿದರೆ ಗಾಡಿ ನಿಲ್ಲುವುದಿಲ್ಲ. ಕತ್ತಲಲ್ಲಿ ಓಡುತ್ತಲೇ ಇರುತ್ತದೆ. ಆದುದರಿಂದ ಈ ದೋಷ ಕಾರಿನ ಒಡೆಯನೊಬ್ಬನ ತೊಂದರೆಯಾಗಿ ಉಳಿಯದೆ ಎದುರಿನಿಂದ ಬರುವವನ, ದಾರಿಯ ಬದಿಯಲ್ಲಿ ನಡೆಯುವವನ ಪ್ರಾಣದ ವಿಷಯವೂ ಆಗುತ್ತದೆ. ಅದನ್ನು ಬೇಗ ಗುರುತಿಸಿ ಬೇಗ ಸರಿಪಡಿಸುವ ಶಕ್ತಿ ಯಾರ ಕೈಯಲ್ಲಿತ್ತೆಂಬುದು ಹಾಗಾಗಿ ಕೇವಲ ಕುತೂಹಲದ ಪ್ರಶ್ನೆಯಲ್ಲ. ದೀಪ ಬದಲಾದಂತೆಲ್ಲ ದೋಷ ನೆಲಸುವ ಸ್ಥಾನ ಬದಲಾಯಿತು. ಆ ಸ್ಥಾನ ಬದಲಾದಂತೆ ಅದನ್ನು ಬಲ್ಲವನೂ ಬದಲಾದನು. ಈ ಪಲ್ಲಟದಲ್ಲಿ ನಿಜವಾದ ತಿರುವು ಯಾವುದೆಂಬುದೇ ಇಲ್ಲಿ ವಿಚಾರಣೀಯವಾದ ಅಂಶ.

ಇಪ್ಪತ್ತನೆಯ ಶತಮಾನದ ಮೊದಲ ದಶಕದ ಕಾರುಗಳಲ್ಲಿ ಮುಂದೀಪವೆಂದರೆ ಸಾಮಾನ್ಯವಾಗಿ ಅಸಿಟಿಲೀನ್ ಅನಿಲದ ದೀಪ. 1892ರಲ್ಲಿ ಉತ್ತರ ಅಮೆರಿಕದಲ್ಲಿ ಥಾಮಸ್ ವಿಲ್ಸನ್ ಎಂಬಾತನು ಕ್ಯಾಲ್ಸಿಯಂ ಕಾರ್ಬೈಡನ್ನು ವಿದ್ಯುತ್ಕುಲುಮೆಯಲ್ಲಿ ಅಗ್ಗವಾಗಿ ತಯಾರಿಸುವ ಮಾರ್ಗವನ್ನು ಕಂಡುಕೊಂಡನು. ಆತ ಹುಡುಕುತ್ತಿದ್ದುದು ಅಲ್ಯೂಮಿನಿಯಮ್ಮನ್ನು, ದೊರೆತುದು ಕಾರ್ಬೈಡು. ಈ ಬೂದುಬಣ್ಣದ ಕಲ್ಲಿನ ಮೇಲೆ ನೀರು ತೊಟ್ಟಿಕ್ಕಿದರೆ ಅಸಿಟಿಲೀನ್ ಏಳುತ್ತದೆ, ಸುಣ್ಣದ ಕೆಸರು ಉಳಿಯುತ್ತದೆ. ಒಂದು ಕಿಲೋಗ್ರಾಂ ಕಾರ್ಬೈಡಿನಿಂದ ಸುಮಾರು 300 ಲೀಟರು ಅನಿಲ ಬರುತ್ತಿತ್ತು. ಕಾರಿನ ಮೆಟ್ಟುಹಲಗೆಯ ಮೇಲೆ ಹಿತ್ತಾಳೆಯ ಎರಡು ಅರೆಗಳ ಪಾತ್ರೆಯೊಂದನ್ನು ಕೂರಿಸಿ, ಮೇಲಿನ ಅರೆಯಲ್ಲಿ ನೀರು, ಕೆಳಗಿನದರಲ್ಲಿ ಕಾರ್ಬೈಡು ತುಂಬಿ, ರಬ್ಬರಿನ ಕೊಳವೆಯಿಂದ ಅನಿಲವನ್ನು ದೀಪದ ಬರ್ನರಿಗೆ ಒಯ್ಯುತ್ತಿದ್ದರು. ಬರ್ನರಿನಲ್ಲಿ ಎರಡು ಸೂಕ್ಷ್ಮ ರಂಧ್ರಗಳಿದ್ದು, ಅವುಗಳಿಂದ ಹೊಮ್ಮುವ ಎರಡು ಜ್ವಾಲೆಗಳು ಒಂದಕ್ಕೊಂದು ತಾಗಿ ಚಪ್ಪಟೆಯಾದ ಬಿಳಿಯ ಜ್ವಾಲೆಯಾಗುತ್ತಿತ್ತು.

ಈ ದೀಪದ ದೋಷಗಳೆಲ್ಲವೂ ಕಣ್ಣಿಗೆ ಕಾಣುವಂಥವು, ಮೂಗಿಗೆ ತಿಳಿಯುವಂಥವು. ಜ್ವಾಲೆ ಒಂದು ಕಡೆಗೆ ವಾಲಿದರೆ ಒಂದು ರಂಧ್ರದಲ್ಲಿ ಮಸಿ ಕಟ್ಟಿದೆಯೆಂದು ಅರ್ಥ. ಸಣ್ಣ ತಂತಿಯನ್ನು ತೂರಿಸಿ ಬಿಡಿಸಬೇಕು. ಜ್ವಾಲೆ ಕುಣಿದರೆ ಕೊಳವೆಯಲ್ಲಿ ತೇವ ನಿಂತಿದೆ. ಕೊಳವೆಯನ್ನು ಕಳಚಿ ಊದಬೇಕು. ಮೆಲ್ಲನೆ ಕುಗ್ಗಿದರೆ ಕಾರ್ಬೈಡು ಮುಗಿದಿದೆ, ಇಲ್ಲವೆ ನೀರಿನ ತೊಟ್ಟು ನಿಂತಿದೆ. ಬೆಳ್ಳುಳ್ಳಿಯನ್ನು ಹೋಲುವ ವಾಸನೆ ಬಂದರೆ ಎಲ್ಲಿಯೋ ಅನಿಲ ಸೋರುತ್ತಿದೆ. ಚಳಿನಾಡುಗಳಲ್ಲಿ ನೀರು ಹೆಪ್ಪುಗಟ್ಟಿ ದೀಪವೇ ಹತ್ತದಿರುತ್ತಿದ್ದುದೂ ಉಂಟು. ಇವುಗಳಲ್ಲಿ ಒಂದಕ್ಕೂ ಕುಶಲಕರ್ಮಿ ಬೇಕಿರಲಿಲ್ಲ. ಕಾರು ನಡೆಸುವವನೇ ದೀಪವನ್ನು ಹೊತ್ತಿಸುವವನು, ಅವನೇ ಅದರ ವೈದ್ಯ. ಆದರೆ ಈ ಸ್ವಾತಂತ್ರ್ಯ ಬಹು ಕೊಳಕಾದುದು. ಪ್ರತಿ ಪಯಣದ ನಂತರ ಸುಣ್ಣದ ಕೆಸರನ್ನು ಬಳಿದು ಚೆಲ್ಲುವ ಕೆಲಸವನ್ನು ಯಾರೂ ಸಂತೋಷದಿಂದ ಮಾಡಿರಲಾರರು. 1904ರಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ಆರಂಭವಾದ ಪ್ರೆಸ್ಟ್-ಓ-ಲೈಟ್ ಸಂಸ್ಥೆ ಅನಿಲವನ್ನು ಉಕ್ಕಿನ ಸಿಲಿಂಡರಿನಲ್ಲಿ ತುಂಬಿ ಮಾರತೊಡಗಿದಾಗ ಜನ ಅದನ್ನು ಒಡನೆಯೇ ಸ್ವಾಗತಿಸಿದುದಕ್ಕೆ ಇದೇ ಕಾರಣ. ಖಾಲಿ ಸಿಲಿಂಡರು ಕೊಟ್ಟು ತುಂಬಿದ ಸಿಲಿಂಡರು ತರುವ ಪದ್ಧತಿ ಅಂದೇ ಬಂದಿತು. ದೀಪದ ಒಂದು ಭಾಗ ಅಂದೇ ಒಡೆಯನ ಕೈ ದಾಟಿ ಅಂಗಡಿಗೆ ಹೋಯಿತು.

ವಿದ್ಯುದ್ದೀಪ ಕಾರಿಗೆ ಬರಲು ಎರಡು ಅಡಚಣೆಗಳಿದ್ದುವು. ಗಾಡಿಯ ಕುಲುಕಾಟಕ್ಕೆ ಬಲ್ಬಿನ ತಂತು ತುಂಡಾಗುತ್ತಿತ್ತು. ಮತ್ತು ಗಾಡಿಯಲ್ಲಿ ವಿದ್ಯುತ್ತನ್ನು ಉತ್ಪಾದಿಸುವ ನೆಚ್ಚಿನ ಸಾಧನವಿರಲಿಲ್ಲ. ಮೊದಲನೆಯದನ್ನು 1910ರ ಸುಮಾರಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ವಿಲಿಯಂ ಕೂಲಿಜ್ ನಿವಾರಿಸಿದನು. ಸುಲಭವಾಗಿ ಮುರಿಯುವ ಟಂಗ್‌ಸ್ಟನ್ ಲೋಹವನ್ನು ಎಳೆಯಾಗಿ ಎಳೆಯುವ ವಿಧಾನ ಆತನದು. ಎರಡನೆಯದಕ್ಕೆ 1912ರ ಕ್ಯಾಡಿಲಾಕ್ ಕಾರು ಉತ್ತರವಾಯಿತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವ್ಯವಸ್ಥೆಯಲ್ಲಿ ಯಂತ್ರವನ್ನು ಚಾಲೂ ಮಾಡುವುದು, ಕಿಡಿ ಹುಟ್ಟಿಸುವುದು, ದೀಪ ಬೆಳಗಿಸುವುದು ಇವೆಲ್ಲ ಒಂದೇ ವಿದ್ಯುತ್ಸಾಧನದ ಹೊಣೆಯಾದುವು. ಮರುವರ್ಷ ಜರ್ಮನಿಯ ಬಾಷ್ ಸಂಸ್ಥೆ ಡೈನಮೊ, ನಿಯಂತ್ರಕ, ದೀಪ ಮೂರನ್ನೂ ಕೂಡಿಸಿ ಮಾರಾಟಕ್ಕೆ ತಂದಿತು.

ಆದರೆ ಇವು ಸಿರಿವಂತರ ಕಾರುಗಳು. ಸಾಮಾನ್ಯ ಜನರ ಕಾರು ಫೋರ್ಡ್ ಮಾಡೆಲ್ ಟಿ. 1908ರಿಂದ 1927ರವರೆಗೆ ಅಂಥ ಕಾರುಗಳು ಒಂದೂವರೆ ಕೋಟಿ ತಯಾರಾದುವು. ಅದಕ್ಕೆ ವಿದ್ಯುತ್ ಮುಂದೀಪ ಬಂದುದು 1915ರ ಮಾದರಿಯಲ್ಲಿ, ಅದೂ ಬ್ಯಾಟರಿಯಿಲ್ಲದೆ. ಯಂತ್ರದ ಗತಿಚಕ್ರಕ್ಕೆ ಜೋಡಿಸಿದ ಮ್ಯಾಗ್ನೆಟೊ ಎಂಬ ಸಾಧನದಿಂದ ನೇರವಾಗಿ ದೀಪಕ್ಕೆ ವಿದ್ಯುತ್ತು ಹರಿಯುತ್ತಿತ್ತು. ಯಂತ್ರ ವೇಗವಾಗಿ ತಿರುಗಿದರೆ ಬೆಳಕು ಹೆಚ್ಚು, ನಿಧಾನವಾದರೆ ಕಡಿಮೆ. ಹೀಗಾಗಿ ರಸ್ತೆ ಕೆಟ್ಟಿರುವಲ್ಲಿ, ಎಂದರೆ ಬೆಳಕು ಎಲ್ಲಕ್ಕಿಂತ ಹೆಚ್ಚು ಬೇಕಾದಲ್ಲಿ, ದೀಪ ಕೆಂಪಗೆ ಮಿಣುಕುತ್ತಿತ್ತು. ಚಾಲಕನು ಕೆಳಗಿನ ಗೇರಿಗೆ ಇಳಿದು ಯಂತ್ರವನ್ನು ಗುಡುಗಿಸಿ ದಾರಿಯನ್ನು ಕಾಣಬೇಕಾಗಿತ್ತು. ಇಷ್ಟು ಸಾಲದೆಂಬಂತೆ ಎರಡು ಬಲ್ಬುಗಳನ್ನೂ ಒಂದೇ ಸರಣಿಯಲ್ಲಿ ಕಟ್ಟಿದ್ದರು. ಒಂದರ ತಂತು ಸುಟ್ಟರೆ ಎರಡೂ ಆರುತ್ತಿದ್ದುವು. ಯಾವುದು ಸುಟ್ಟಿದೆಯೆಂದು ತಿಳಿಯಲು ಹೊಸ ಬಲ್ಬನ್ನು ಮೊದಲು ಒಂದರಲ್ಲಿ, ಅನಂತರ ಇನ್ನೊಂದರಲ್ಲಿ ಇಟ್ಟು ನೋಡುವುದೇ ಉಪಾಯ.

ಫೋರ್ಡ್ ಸಂಸ್ಥೆ ಕಾರಿನ ಒಡೆಯರಿಗೆ ಕೊಡುತ್ತಿದ್ದ ಕೈಪಿಡಿ ಪ್ರಶ್ನೋತ್ತರ ರೂಪದಲ್ಲಿತ್ತೆಂಬುದು ಇಲ್ಲಿ ಗಮನಾರ್ಹ. ಗುರುವಿನ ಮುಂದೆ ಕುಳಿತ ಶಿಷ್ಯನಂತೆ ಒಡೆಯನು ಕೇಳುತ್ತಾನೆ, ಪುಸ್ತಕ ಹೇಳುತ್ತದೆ. ಹೊಲದ ನಡುವೆ ವಾಸಿಸುವ ರೈತನು ತನ್ನ ಕಾರನ್ನು ತಾನೇ ಸರಿಪಡಿಸಿಕೊಳ್ಳಬಲ್ಲನೆಂಬ ನಂಬಿಕೆ ಆ ಪುಸ್ತಕದ ಹಿಂದಿದೆ. ಮಾಡೆಲ್ ಟಿ ಕಾರಿನ ಮುಂದೀಪ ಬಹುಶಃ ಕಾರುಗಳ ಚರಿತ್ರೆಯಲ್ಲಿಯೇ ಅತ್ಯಂತ ಕಳಪೆಯಾದ ವಿದ್ಯುತ್ ಮುಂದೀಪಗಳಲ್ಲೊಂದು. ಆದರೆ ಅದರ ಒಡೆಯನಿಗೆ ಅದರಷ್ಟು ಸುಲಭವಾಗಿ ಅರ್ಥವಾದ ದೀಪಗಳೂ ಕಡಿಮೆ.

ಬ್ಯಾಟರಿಯ ಯುಗ ಬಂದ ಮೇಲೆ ಮುಂದೀಪದ ದೋಷಕ್ಕೆ ಒಂದು ಹೊಸ ಗುಣ ಬಂದಿತು. ಅದು ದೀಪದಲ್ಲಿಯೇ ಇರಬೇಕಾಗಿರಲಿಲ್ಲ. ಬ್ಯಾಟರಿಯಿಂದ ಫ್ಯೂಸು, ಸ್ವಿಚ್ಚು, ಬೆಳಕನ್ನು ತಗ್ಗಿಸುವ ಡಿಮ್ಮರು, ತಂತಿ, ಹೋಲ್ಡರು, ಬಲ್ಬು, ಕೊನೆಗೆ ಕಾರಿನ ಲೋಹದ ಒಡಲಿನ ಮೂಲಕ ಮರಳಿ ಬ್ಯಾಟರಿಗೆ: ಈ ಸುತ್ತಿನಲ್ಲಿ ಎಲ್ಲಿ ತಡೆಯುಂಟಾದರೂ ಫಲ ಒಂದೇ, ಕತ್ತಲೆ. ಕಾಣುವ ದೋಷದಿಂದ ಊಹಿಸಬೇಕಾದ ದೋಷಕ್ಕೆ ನಾವು ಬರುತ್ತೇವೆ. ಆಟೋ ಎಲೆಕ್ಟ್ರಿಷಿಯನ್ ಎಂಬ ವೃತ್ತಿಗೆ ಬೇಕಾದ ವಿದ್ಯೆ ಇಲ್ಲಿ ಹುಟ್ಟಿತು. ಅದರ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಯುಕ್ತ. ಚರಿತ್ರೆಯ ವಿದ್ಯಾರ್ಥಿಗಳಿಗೆ ಅದು ಅಪರಿಚಿತವಾಗಿ ತೋರಲಾರದು.

ಎಲೆಕ್ಟ್ರಿಷಿಯನ್ನನು ಮೊದಲು ಏನನ್ನೂ ಬಿಚ್ಚುವುದಿಲ್ಲ, ಕೇಳುತ್ತಾನೆ. ಆರಿರುವುದು ಒಂದು ದೀಪವೋ ಎರಡೋ? ತಗ್ಗು ಬೆಳಕು ಮಾತ್ರವೋ, ಎರಡೂ ಬೆಳಕೋ? ಒಂದೇ ದೀಪದಲ್ಲಿ ಒಂದೇ ಬೆಳಕು ಆರಿದ್ದರೆ ಬಲ್ಬಿನ ಎರಡು ತಂತುಗಳಲ್ಲಿ ಒಂದು ಸುಟ್ಟಿರುವುದೇ ಹೆಚ್ಚು ಸಂಭವ. ತಣ್ಣಗಿರುವ ತಂತುವಿನ ವಿದ್ಯುನ್ನಿರೋಧ ಬಹು ಕಡಿಮೆಯಾದುದರಿಂದ ಸ್ವಿಚ್ಚು ಹಾಕಿದ ಕ್ಷಣದಲ್ಲಿ ಪ್ರವಾಹ ನುಗ್ಗಿ, ಸವೆದ ತಂತು ಆಗಲೇ ತುಂಡಾಗುತ್ತದೆ. 'ಹಾಕಿದೊಡನೆ ಹೋಯಿತು' ಎಂದು ಚಾಲಕನು ಹೇಳಿದರೆ ಅದೂ ಒಂದು ಸಾಕ್ಷ್ಯ. ಎರಡೂ ದೀಪಗಳು ಒಟ್ಟಿಗೆ ಆರಿದ್ದರೆ ಎರಡು ಬಲ್ಬುಗಳು ಒಂದೇ ಗಳಿಗೆಯಲ್ಲಿ ಸುಟ್ಟವೆಂದು ನಂಬುವುದಕ್ಕಿಂತ ಎರಡಕ್ಕೂ ಸಮಾನವಾದ ಫ್ಯೂಸನ್ನೋ ಸ್ವಿಚ್ಚನ್ನೋ ರಿಲೇಯನ್ನೋ ಶಂಕಿಸುವುದು ನ್ಯಾಯ. ಫ್ಯೂಸು ಹಾಕಿದಂತೆಲ್ಲ ಸುಡುತ್ತಿದ್ದರೆ ತಪ್ಪು ಫ್ಯೂಸಿನದಲ್ಲ. ತಗಡಿನ ರಂಧ್ರದ ಅಂಚಿಗೆ ಉಜ್ಜಿ ಎಲ್ಲಿಯೋ ತಂತಿಯ ಹೊದಿಕೆ ಹರಿದಿದೆ. ಅಂಥಲ್ಲಿ ಫ್ಯೂಸಿಗೆ ಬದಲಾಗಿ ದಪ್ಪ ತಂತಿಯನ್ನು ಸುತ್ತುವವರುಂಟು. ದೀಪವೇನೋ ಹತ್ತೀತು, ಕಾರೂ ಹತ್ತಿಕೊಂಡೀತು.

ದೀಪ ಪೂರ್ತಿ ಆರದೆ ಹಳದಿಯಾಗಿ ಮಂಕಾದರೆ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ತಂತುವಿನ ಬಲ್ಬಿನ ಬೆಳಕು ವಿದ್ಯುದೊತ್ತಡದ ಸುಮಾರು 3.4ನೆಯ ಘಾತಕ್ಕೆ ಅನುಸಾರವಾಗಿ ಬದಲಾಗುತ್ತದೆ. ಒತ್ತಡ ನೂರಕ್ಕೆ 10ರಷ್ಟು ಕುಸಿದರೆ ಬೆಳಕು ನೂರಕ್ಕೆ 30ರಷ್ಟು ಕುಸಿಯುತ್ತದೆ. ತುಕ್ಕು ಹಿಡಿದ ಒಂದು ತಿರುಪು ಇಷ್ಟನ್ನು ಮಾಡಬಲ್ಲದು. ಆ ತಿರುಪು ಬಹುತೇಕ ಅರ್ತ್ ತಂತಿಯನ್ನು ಕಾರಿನ ಒಡಲಿಗೆ ಬಿಗಿದಿರುವ ತಿರುಪಾಗಿರುತ್ತದೆ. ಅರ್ತ್ ಪೂರ್ತಿ ತಪ್ಪಿದಾಗ ಪ್ರವಾಹವು ಬೇರೆ ದೀಪಗಳ ತಂತುಗಳ ಮೂಲಕ ದಾರಿ ಹುಡುಕುತ್ತದೆ. ಮುಂದೀಪ ಹಾಕಿದರೆ ಅದು ಹತ್ತದೆ ಪಕ್ಕದ ಸಣ್ಣ ದೀಪ ಮಿಣುಕುವಂಥ ವಿಚಿತ್ರಗಳು ಆಗ ಕಾಣುತ್ತವೆ. ಪರೀಕ್ಷೆ ಸರಳ. ಬಿಡಿ ತಂತಿಯೊಂದರ ಒಂದು ತುದಿಯನ್ನು ದೀಪದ ಅರ್ತ್ ಜೋಡಣೆಗೆ, ಇನ್ನೊಂದನ್ನು ಬ್ಯಾಟರಿಯ ಅರ್ತ್ ಕಡೆಯ ತುದಿಗೆ ತಾಗಿಸಿ ಹಿಡಿಯಬೇಕು. ಬೆಳಕು ಒಡನೆ ಬೆಳ್ಳಗಾದರೆ ದೋಷ ಸಿಕ್ಕಿತು. ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ ಬಿಗಿದರೆ ಖರ್ಚಿಲ್ಲದೆ ದುರಸ್ತಿ ಮುಗಿಯುತ್ತದೆ. ಬಲ್ಬಿಗೆ ಎರಡು ತಂತಿ ಬೆಸೆದ ಪರೀಕ್ಷಾದೀಪವೊಂದಿದ್ದರೆ ಇಡೀ ಸುತ್ತನ್ನು ಹಂತಹಂತವಾಗಿ ಶೋಧಿಸಬಹುದು. ಇಲ್ಲಿರುವುದು ಸಾಕ್ಷ್ಯವನ್ನು ತೂಗಿ, ಅಸಂಭವವಾದುದನ್ನು ಬಿಡುತ್ತ, ಸಮಾನ ಕಾರಣವನ್ನು ಹುಡುಕುವ ಕ್ರಮ. ಶಾಸನದ ಕಾಲನಿರ್ಣಯ ಮಾಡುವವನು ಇದಕ್ಕಿಂತ ಬೇರೆಯಾದುದನ್ನೇನೂ ಮಾಡುವುದಿಲ್ಲ.

ಬ್ರಿಟಿಷ್ ಕಾರುಗಳ ಬಳಕೆದಾರರಲ್ಲಿ ಲ್ಯೂಕಾಸ್ ಸಂಸ್ಥೆಯ ವಿದ್ಯುತ್ಸಾಧನಗಳನ್ನು ಕುರಿತು 'ಕತ್ತಲೆಯ ರಾಜಕುಮಾರ' ಎಂಬ ಪರಿಹಾಸವೊಂದು ಪ್ರಚಲಿತವಾಗಿದೆ. ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲ್ಯೂಕಾಸನು ಸೈಕಲ್ಲಿನ ಎಣ್ಣೆದೀಪಕ್ಕೆ 'ರಸ್ತೆಯ ರಾಜ' ಎಂದು ಹೆಸರಿಟ್ಟಿದ್ದನೆಂಬುದನ್ನು ನೆನೆದರೆ ಈ ಪರಿಹಾಸ ಇನ್ನಷ್ಟು ಚುಚ್ಚುತ್ತದೆ. ಆದರೆ ಆ ಕಾರುಗಳ ದೋಷಗಳಲ್ಲಿ ಬಹುಪಾಲು ತೇವ ಹೊಕ್ಕ ಜೋಡಣೆಗಳವು, ತುಕ್ಕು ಹಿಡಿದ ಅರ್ತಿನವು. ಒಂದು ಹೆಸರಿನ ಮೇಲೆ ಹೊರಿಸಿದ ಅಪಕೀರ್ತಿಯಲ್ಲಿ ಮಳೆಯ ಪಾಲೂ ಸಾಕಷ್ಟಿದೆ.

ಇನ್ನು ತಿರುವಿನ ವಿಷಯ. 1930ರ ದಶಕದ ಮುಂದೀಪದ ಪ್ರತಿಫಲಕ, ಎಂದರೆ ಬಲ್ಬಿನ ಹಿಂದಿನ ಬಟ್ಟಲು, ಬೆಳ್ಳಿಯ ಲೇಪವುಳ್ಳ ಲೋಹದ್ದು. ಗಾಜಿಗೂ ಬಟ್ಟಲಿಗೂ ನಡುವಣ ಸಂದಿನಿಂದ ಧೂಳು, ತೇವ ಒಳಹೋಗಿ ಬೆಳ್ಳಿ ಕಪ್ಪಾಗುತ್ತಿತ್ತು. ಬಲ್ಬು ಹೊಸದಾಗಿದ್ದರೂ ಬೆಳಕು ವರ್ಷದಿಂದ ವರ್ಷಕ್ಕೆ ಕುಂದುತ್ತಿತ್ತು; ಅದು ಎಷ್ಟು ಮೆಲ್ಲನೆ ಕುಂದುತ್ತಿತ್ತೆಂದರೆ ಚಾಲಕನಿಗೆ ತಿಳಿಯುತ್ತಲೇ ಇರಲಿಲ್ಲ. ಇದೇ ಎಲ್ಲಕ್ಕಿಂತ ಅಪಾಯಕರವಾದ ದೋಷ. ಇದಕ್ಕೆ ಪರಿಹಾರವಾಗಿ ಅಮೆರಿಕದಲ್ಲಿ 1939ರಲ್ಲಿ ಕಾಣಿಸಿಕೊಂಡು 1940ರ ಮಾದರಿಯ ಕಾರುಗಳಲ್ಲಿ ಸಾರ್ವತ್ರಿಕವಾದುದೇ ಸೀಲ್ಡ್ ಬೀಮ್ ದೀಪ. ಗಾಜಿನ ಬಟ್ಟಲಿನ ಒಳಮೈಗೆ ಅಲ್ಯೂಮಿನಿಯಮ್ಮಿನ ಆವಿಯನ್ನು ಲೇಪಿಸಿ, ತಂತುಗಳನ್ನು ಒಳಗಿಟ್ಟು, ಮುಂದಿನ ಗಾಜನ್ನು ಕಾಯಿಸಿ ಬೆಸೆದು ಇಡೀ ದೀಪವನ್ನೇ ಒಂದು ದೊಡ್ಡ ಬಲ್ಬನ್ನಾಗಿ ಮಾಡಿದರು. ಅದು ಸಾಯುವ ದಿನದವರೆಗೂ ಹೆಚ್ಚುಕಡಿಮೆ ಮೊದಲ ದಿನದ ಬೆಳಕನ್ನೇ ಕೊಡುತ್ತಿತ್ತು.

ಸೀಲ್ಡ್ ಬೀಮನ್ನು ಬಿಚ್ಚಲಾಗದು. ಒಳಗಿನ ತಂತು ಸುಟ್ಟರೆ ಗಾಜು, ಪ್ರತಿಫಲಕ ಎಲ್ಲವನ್ನೂ ಎಸೆಯಬೇಕು. ಈ ಕಾರಣದಿಂದ ಅದನ್ನು ದುರಸ್ತಿವಿದ್ಯೆಯ ಅವನತಿಯ ಆರಂಭವೆಂದು ಹೇಳುವುದು ಸುಲಭ. ಮೇಲುನೋಟಕ್ಕೆ ಸರಿಯೆಂದೂ ತೋರುತ್ತದೆ. ನನ್ನ ಅಭಿಪ್ರಾಯದಲ್ಲಿ ಇದು ಅರ್ಧಸತ್ಯ. ಸೀಲ್ಡ್ ಬೀಮಿನೊಡನೆ ಬಂದ ಇನ್ನೊಂದು ಸಂಗತಿಯನ್ನು ಮರೆಯಬಾರದು. ಅಮೆರಿಕದ ಎಲ್ಲ ಕಾರುಗಳಿಗೂ ಒಂದೇ ಆಕಾರ, 7 ಅಂಗುಲದ ದುಂಡು. ಒಂದೇ ಬಗೆಯ ಜೋಡಣೆ, ಹಿಂಬದಿಯಲ್ಲಿ ಮೂರು ಕಡ್ಡಿ. ಅಗ್ಗದ ಕಾರಿಗೂ ಬೆಲೆಬಾಳುವ ಕಾರಿಗೂ ಒಂದೇ ದೀಪ. ಯಾವ ಹಳ್ಳಿಯ ಪೆಟ್ರೋಲು ಅಂಗಡಿಯಲ್ಲಿಯೂ ಅದು ದೊರೆಯುತ್ತಿತ್ತು. ತಿರುಪುಳಿಯೊಂದಿದ್ದರೆ ಯಾರು ಬೇಕಾದರೂ ಹಾಕಬಹುದಾಗಿತ್ತು. ಎಚ್ಚರ ವಹಿಸಬೇಕಾದುದು ಒಂದೇ: ಸುತ್ತುಬಳೆಯನ್ನು ಹಿಡಿದಿರುವ ತಿರುಪುಗಳನ್ನು ಬಿಚ್ಚಬೇಕೇ ಹೊರತು ಬೆಳಕಿನ ದಿಕ್ಕನ್ನು ನಿರ್ಣಯಿಸುವ ಎರಡು ತಿರುಪುಗಳನ್ನು ಮುಟ್ಟಬಾರದು. ದುರಸ್ತಿ ಹೋಯಿತು, ಆದರೆ ಬದಲಾವಣೆ ಎಲ್ಲರ ಕೈಗೆಟುಕಿತು. ಮುಚ್ಚಿದ ದೀಪ ಸಹ್ಯವಾದುದು ಸಮಾನ ಅಳತೆಯ ಬಲದಿಂದ.

ಈ ವ್ಯವಸ್ಥೆಗೆ ಬೆಲೆಯೂ ತೆರಬೇಕಾಯಿತು. 1957ರವರೆಗೆ ಬೇರೆ ಆಕಾರದ ದೀಪಕ್ಕೆ ಅಲ್ಲಿ ಅವಕಾಶವಿರಲಿಲ್ಲ. ಆಮೇಲೆ ಚಿಕ್ಕ ಅಳತೆಯ ನಾಲ್ಕು ದೀಪಗಳಿಗೆ, 1970ರ ದಶಕದ ನಡುವೆ ಚೌಕದ ದೀಪಗಳಿಗೆ ಒಪ್ಪಿಗೆ ದೊರೆಯಿತು. ಯೂರೋಪು ಬೇರೆ ದಾರಿ ಹಿಡಿಯಿತು: ದೀಪದ ಆಕಾರ ತಯಾರಕನ ಇಷ್ಟ, ಆದರೆ ಒಳಗಿನ ಬಲ್ಬು ಸಮಾನ ಅಳತೆಯದು, ಬದಲಾಯಿಸಬಹುದಾದುದು. 1962ರಲ್ಲಿ ಯೂರೋಪಿನ ಬಲ್ಬು ತಯಾರಕರು ಕೂಡಿ ಎಚ್1 ಎಂಬ ಹ್ಯಾಲೊಜನ್ ಬಲ್ಬನ್ನು ತಂದರು. 1971ರಲ್ಲಿ ಎರಡು ತಂತುಗಳ ಎಚ್4 ಬಂದಿತು. ಇವುಗಳೊಡನೆ ದುರಸ್ತಿಗಾರನ ನೇಮಗಳಲ್ಲಿ ಹೊಸದೊಂದು ಸೇರಿತು: ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು, ಬೆರಳಿನ ಜಿಡ್ಡು ತಾಗಿದ ಕಡೆ ಗಾಜು ಅತಿಯಾಗಿ ಕಾದು ಬಲ್ಬು ಬೇಗ ಹಾಳಾಗುತ್ತದೆ. ಅಮೆರಿಕ ಬದಲಾಯಿಸಬಹುದಾದ ಬಲ್ಬನ್ನು ಒಪ್ಪಿದುದು 1983ರಲ್ಲಿ, ಫೋರ್ಡ್ ಸಂಸ್ಥೆಯ ಅರ್ಜಿಯ ಮೇಲೆ. ಹೀಗೆ ಒಂದು ಕಡೆ ದೀಪ, ಇನ್ನೊಂದು ಕಡೆ ಬಲ್ಬು ಸಮಾನ ಅಳತೆಯದಾಗಿತ್ತು. ಎರಡು ಕಡೆಯೂ ದಾರಿಹೋಕ ಚಾಲಕನಿಗೆ ಬಿಡಿಭಾಗದ ಭರವಸೆಯಿತ್ತು.

ನಮ್ಮ ದೇಶಕ್ಕೆ ಈ ಎರಡು ಪದ್ಧತಿಗಳ ಫಲವೂ ಒಟ್ಟಿಗೆ ದಕ್ಕಿತು. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಡರ್ ಕಾರಿನ ದುಂಡು ಮುಂದೀಪ ಅದೇ 7 ಅಂಗುಲದ ಅಳತೆಯದು. ಸೀಲ್ಡ್ ಬೀಮು ಸುಟ್ಟ ಕಡೆ ಅದೇ ಅಳತೆಯ ಬಿಚ್ಚುವ ದೀಪವನ್ನು ಕೂರಿಸಿ ಎಚ್4 ಬಲ್ಬನ್ನು ಹಾಕಿಕೊಳ್ಳಬಹುದಾಗಿತ್ತು. ಬೆಂಗಳೂರಿನ ಜೆ. ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯೂ, ಹೆದ್ದಾರಿಯ ಬದಿಯ ಎಲೆಕ್ಟ್ರಿಷಿಯನ್ನನ ಪೆಟ್ಟಿಗೆ ಅಂಗಡಿಯೂ ಬಾಳಿದುದು ಇಂಥ ಸಮಾನ ಅಳತೆಗಳ ನೆರಳಿನಲ್ಲಿ. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಕೈಗಳು ಮೇಲೆ ವಿವರಿಸಿದ ತರ್ಕಕ್ರಮವನ್ನು ಪೂರ್ತಿಯಾಗಿ ರೂಢಿಸಿಕೊಂಡುವು. ಈ ವಿದ್ಯೆ ಗುರುವಿನ ಕೈಯಿಂದ ಹುಡುಗನ ಕೈಗೆ ದಾಟಿದುದೇ ಹೊರತು ಬಹುಪಾಲು ಬರವಣಿಗೆಗೆ ಇಳಿಯಲಿಲ್ಲ. ಇದನ್ನು ದಾಖಲಿಸಬಲ್ಲ ಹಿರಿಯರು ಇನ್ನೂ ಅಲ್ಲಲ್ಲಿ ಇದ್ದಾರೆ. ನಮ್ಮ ಸಂಶೋಧನ ವಿದ್ಯಾರ್ಥಿಗಳು ಅವರಲ್ಲಿಗೆ ಹೋಗಬೇಕು.

ಕೊನೆಯ ಘಟ್ಟವನ್ನು ಸಂಕ್ಷೇಪವಾಗಿ ಹೇಳಬಹುದು. 1991ರಲ್ಲಿ ಕ್ಸೆನಾನ್ ಅನಿಲದ ದೀಪ ಜರ್ಮನಿಯ ಬಿಎಂಡಬ್ಲ್ಯು ಕಾರಿನಲ್ಲಿ ಬಂದಿತು. 2007ರಲ್ಲಿ ಜಪಾನಿನ ಲೆಕ್ಸಸ್ ಕಾರೊಂದರಲ್ಲಿ ಎಲ್‌ಇಡಿ ಮುಂದೀಪ. ಎಲ್‌ಇಡಿಯ ಬೆಳಕು ಉತ್ತಮ, ಖರ್ಚಾಗುವ ವಿದ್ಯುತ್ತು ಅಲ್ಪ, ಆಯುಷ್ಯ ದೀರ್ಘ, ಇದರಲ್ಲಿ ವಾದವಿಲ್ಲ. ಆದರೆ ಅನೇಕ ಕಾರುಗಳಲ್ಲಿ ಎಲ್‌ಇಡಿ, ಅದರ ನಿಯಂತ್ರಕ, ಪ್ರತಿಫಲಕ, ಹೊರಗಾಜು ಎಲ್ಲವೂ ಒಂದೇ ಘಟಕವಾಗಿ ಅಂಟಿಕೊಂಡಿವೆ. ತೇವ ಹೊಕ್ಕರೂ, ನಿಯಂತ್ರಕ ಕೆಟ್ಟರೂ ಇಡೀ ಘಟಕವನ್ನೇ ಬದಲಾಯಿಸಬೇಕಾಗುತ್ತದೆ. ಕೆಲವು ಕಾರುಗಳಲ್ಲಿ ಹೊಸ ಘಟಕವನ್ನು ಕೂರಿಸಿದರೂ ಕಾರಿನ ಗಣಕ ಅದನ್ನು ಒಪ್ಪಿಕೊಳ್ಳುವಂತೆ ತಯಾರಕನ ಉಪಕರಣದಿಂದ ಪರಿಚಯ ಮಾಡಿಸಬೇಕು. 1940ರ ದೀಪದಂತೆ ಇದೂ ಮುಚ್ಚಿದ ದೀಪವೇ. ವ್ಯತ್ಯಾಸವಿರುವುದು ಅಳತೆಯಲ್ಲಿ: ಒಂದು ಮಾದರಿಯ ಘಟಕ ಇನ್ನೊಂದಕ್ಕೆ ಹೊಂದುವುದಿಲ್ಲ, ಅದೇ ಕಾರಿನ ಎಡದ್ದು ಬಲಕ್ಕೂ ಹೊಂದುವುದಿಲ್ಲ. ಆದುದರಿಂದ ಮುಂದೀಪದ ಚರಿತ್ರೆಯಲ್ಲಿ ದುರಸ್ತಿಗಾರನ ಕೈ ಸೋತುದು ದೀಪವನ್ನು ಮುಚ್ಚಿದ ದಿನವಲ್ಲ, ಮುಚ್ಚಿದ ದೀಪದಿಂದ ಸಮಾನ ಅಳತೆಯನ್ನು ಕಿತ್ತುಕೊಂಡ ದಿನ ಎಂದು ಹೇಳಬೇಕಾಗುತ್ತದೆ.

ಈ ಸಂಗತಿ ರಾಜಕೀಯಕ್ಕೂ ಮುಟ್ಟಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ಕಾರುಗಳ ದುರಸ್ತಿಯ ಹಕ್ಕಿನ ಪರವಾಗಿ ಮತ ನೀಡಿದರು. 2020ರಲ್ಲಿ ಮತ್ತೊಮ್ಮೆ ಅದನ್ನು ವಿಸ್ತರಿಸಿದರು. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ಇದೇ ಹಕ್ಕಿಗಾಗಿ ಮಾಹಿತಿ ಒದಗಿಸುವ ವ್ಯವಸ್ಥೆಯನ್ನು ತೆರೆಯಿತು. ಮೋಟಾರು ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಈ ಯತ್ನಗಳು ಹೆಚ್ಚಾಗಿ ಮಾಹಿತಿಯನ್ನು ಕುರಿತುವು: ತಯಾರಕನಿಗೆ ತಿಳಿದುದು ದುರಸ್ತಿಗಾರನಿಗೂ ತಿಳಿಯಲಿ ಎಂಬುದು ಅವುಗಳ ಆಶಯ. ಅಂಟಿಸಿದ ಗಾಜಿನೊಳಗೆ ನಿಂತ ನೀರಿಗೆ ಮಾಹಿತಿಯಿಂದ ಪರಿಹಾರವಿಲ್ಲ. ಅದಕ್ಕೆ ಬೇಕಾಗಿರುವುದು 1940ರಲ್ಲಿ ಅಮೆರಿಕದ ರಾಜ್ಯಗಳು ಒಪ್ಪಿಕೊಂಡಂಥ ಒಂದು ಅಳತೆ.